ರಿಪೋರ್ಟಿನ ಚೀಲ: ರಕ್ತದ ಕ್ಯಾನ್ಸರ್ ಬಂದ ಮನೆಯವರಿಗೆ ಕೈಜೋಡಿಸುವುದು ಹೇಗೆ

ಮೊನ್ನೆ ಹಿರಿಯೂರಿನ ಕಡೆಯಿಂದ ಒಬ್ಬರು ಫೋನ್ ಮಾಡಿದ್ದರು. "ಅಕ್ಕಾ, ರಿಪೋರ್ಟಲ್ಲಿ ಬ್ಲಾಸ್ಟ್ 80 ಪರ್ಸೆಂಟ್ ಅಂತ ಬರೆದವ್ರೆ. ನನ್ ತಂಗಿ ಮೈಯೊಳಗೆ ಏನಾದ್ರೂ ಒಡೆದೋಗಿದ್ಯಾ?" ಅಂತ ಕೇಳಿದರು. ನನಗೆ ನಗು ಬರಲಿಲ್ಲ. 2019ರಲ್ಲಿ ನಾನೂ ಇದನ್ನೇ ಕೇಳಬೇಕು ಅಂದುಕೊಂಡು, ನಾಚಿಕೆಗೆ ನುಂಗಿಕೊಂಡು ಕೂತಿದ್ದವಳು. "ಒಡೆದಿಲ್ಲ ಅಣ್ಣ. ಬ್ಲಾಸ್ಟ್ ಅಂದ್ರೆ ಬಲಿಯದ ಎಳೇ ರಕ್ತಕಣ. ಬಲಿಯೋಕೆ ಮುಂಚೆನೇ ರಾಶಿ ರಾಶಿ ಹುಟ್ಕೊಳ್ತಿದೆ, ಅದೇ ಕಾಯಿಲೆ" ಅಂದೆ. ಅವರು ಉಸಿರು ಬಿಟ್ಟಿದ್ದು ಫೋನಲ್ಲೇ ಕೇಳಿಸಿತು.

ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಸಿರಾದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಸ್ಕೂಲ್ ಯೂನಿಫಾರ್ಮು, ರವಿಕೆ, ಸೀರೆಗೆ ಫಾಲ್ಸ್ ಹಾಕೋದು ನನ್ನ ಕಸುಬು. 2019ರ ಜೂನ್‌ನಲ್ಲಿ ನನ್ನ ಮಗನಿಗೆ ಏಳು ವರ್ಷ. ಕಾಲು ನೋವು ಅನ್ನುತ್ತಿದ್ದ, ಬೆಳೆಯೋ ಮಕ್ಕಳಿಗೆ ಇದ್ದದ್ದೇ ಅಂತ ಎಣ್ಣೆ ತಿಕ್ಕಿದೆವು. ಜ್ವರ ಬಂದು ಬಂದು ಹೋಗುತ್ತಿತ್ತು, ಟಾನಿಕ್ ಕುಡಿಸಿದೆವು. ತೊಡೆಯ ಮೇಲೆ ಏಟು ಬೀಳದೇ ನೀಲಿ ಕಲೆಗಳು ಎದ್ದಾಗ ರಕ್ತ ಪರೀಕ್ಷೆ ಮಾಡಿಸಿದೆವು. ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕಾದ ಪ್ಲೇಟ್ಲೆಟ್ 14,000 ಇತ್ತು. ಎ.ಎಲ್.ಎಲ್., ಅಂದರೆ ಮಕ್ಕಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವ ರಕ್ತದ ಕ್ಯಾನ್ಸರ್. ಎರಡೂವರೆ ವರ್ಷ ಚಿಕಿತ್ಸೆ ನಡೆಯಿತು. ಈಗ ಅವನು ಸೈಕಲ್ ಚೈನು ಬಿಚ್ಚಿ ಮನೆಯೆಲ್ಲ ಗ್ರೀಸ್ ಮಾಡುವ ವಯಸ್ಸಿನವನು.

ಆ ಎರಡೂವರೆ ವರ್ಷದಲ್ಲಿ ಕಲಿತದ್ದನ್ನು ಈಗ ಬೇರೆ ಮನೆಗಳಿಗೆ ದಾಟಿಸುತ್ತೇನೆ. ಮಿಕ್ಕ ಯೂನಿಫಾರ್ಮ್ ಬಟ್ಟೆಯಲ್ಲಿ ರಿಪೋರ್ಟ್ ಇಟ್ಟುಕೊಳ್ಳೋಕೆ ಒಂದು ಚೀಲ ಹೊಲಿದು, ಅದಕ್ಕೆ ಬೇಕಾದ್ದನ್ನೆಲ್ಲ ತುಂಬಿಸಿ ಕೊಡುತ್ತೇನೆ. ನಿಮ್ಮ ಊರಲ್ಲೂ ಯಾರಾದರೂ ಈ ಕೆಲಸ ಶುರು ಮಾಡಬಹುದು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ. ಸಂಘ, ರಿಜಿಸ್ಟ್ರೇಷನ್, ಬ್ಯಾನರ್ ಯಾವುದೂ ಬೇಡ. ಒಂದು ಫೋನು, ಒಂದು ನೋಟ್‌ಬುಕ್ಕು, ಕೇಳಿಸಿಕೊಳ್ಳುವಷ್ಟು ತಾಳ್ಮೆ ಇದ್ದರೆ ಆಯಿತು.

ಮೊದಲ ಫೋನ್

ಮೊದಲ ಸಲ ಮಾತಾಡುವಾಗ ನಾನು ಮೂರೇ ವಿಷಯ ಕೇಳುತ್ತೇನೆ: ಡಾಕ್ಟರು ಏನು ಹೆಸರು ಹೇಳಿದರು? ಮನೆಯಲ್ಲಿ ಯಾರ್ಯಾರಿಗೆ ಗೊತ್ತು? ಮುಂದಿನ ಸಲ ಯಾವತ್ತು ಬರೋಕೆ ಹೇಳಿದ್ದಾರೆ? ಆಮೇಲೆ ಸುಮ್ಮನಿರುತ್ತೇನೆ. ಅವರು ಅಳಬಹುದು, ಬೈಯಬಹುದು, ಜಾತಕದ ಮಾತು ತೆಗೆಯಬಹುದು. "ಅಳಬೇಡಿ, ಏನೂ ಆಗಲ್ಲ" ಅಂತ ಮಾತ್ರ ಅನ್ನಬೇಡಿ. ಏನೂ ಆಗಲ್ಲ ಅನ್ನೋದು ನಿಮಗೆ ಗೊತ್ತಿಲ್ಲ, ಗೊತ್ತಿಲ್ಲ ಅನ್ನೋದು ಅವರಿಗೂ ಗೊತ್ತು.

ಎರಡನೇ ಪ್ರಶ್ನೆ ತುಂಬಾ ಮುಖ್ಯ. ನಮ್ಮ ಕಡೆ ಅರ್ಧಕ್ಕರ್ಧ ಮನೆಗಳಲ್ಲಿ ಕಾಯಿಲೆಯವರಿಗೇ ಕಾಯಿಲೆಯ ಹೆಸರು ಹೇಳಿರುವುದಿಲ್ಲ. "ಅಮ್ಮಂಗೆ ರಕ್ತ ಕಡಿಮೆ ಅಂತಷ್ಟೇ ಹೇಳಿದ್ದೀವಿ, ನೀವು ಬಾಯಿ ಬಿಡಬೇಡಿ" ಅನ್ನುತ್ತಾರೆ. ನಾನಾಗಿ ಬಾಯಿ ಬಿಡುವುದಿಲ್ಲ. ಹಾಗಂತ ಆ ತಾಯಿಯೇ ನನ್ನ ಕೈ ಹಿಡಿದು "ನಂಗೆ ಕ್ಯಾನ್ಸರ್ರಾ?" ಅಂದರೆ ಸುಳ್ಳೂ ಹೇಳುವುದಿಲ್ಲ. "ಡಾಕ್ಟರ ಹತ್ರ ಒಟ್ಟಿಗೆ ಹೋಗಿ ಕೇಳೋಣ ಅಮ್ಮ, ನಾನೂ ಬರ್ತೀನಿ" ಅನ್ನುತ್ತೇನೆ. ಮನೆಯವರಿಗೆ ಇದನ್ನು ಮೊದಲೇ ತಿಳಿಸಿಬಿಡುತ್ತೇನೆ. ಇಬ್ಬರು ಮೂವರು ಮುನಿಸಿಕೊಂಡಿದ್ದಾರೆ, ಇರಲಿ. ತಲೆ ಕೂದಲು ಉದುರಿ, ಪಕ್ಕದ ಹಾಸಿಗೆಯವರು ಕೀಮೋ ಕೀಮೋ ಅನ್ನುವಾಗ ಎಷ್ಟು ದಿನ ಮುಚ್ಚಿಡೋಕೆ ಆಗುತ್ತೆ? ಮಕ್ಕಳ ವಿಷಯವೂ ಹೀಗೇ. ನನ್ನ ಮಗನಿಗೆ "ನಿನ್ನ ರಕ್ತದಲ್ಲಿ ಕಳೆ ಬೆಳೆದಿದೆ, ಕೀಳಬೇಕು, ತುಂಬಾ ದಿನ ಹಿಡಿಯುತ್ತೆ" ಅಂದಿದ್ದೆ. ಪ್ರತಿ ಸೂಜಿಗೂ "ಇವತ್ತೆಷ್ಟು ಕಳೆ ಕಿತ್ರು?" ಅಂತ ಕೇಳುತ್ತಿದ್ದ.

ಆ ಕಳೆಯ ಮಾತನ್ನೇ ದೊಡ್ಡವರಿಗೂ ಹೇಳುತ್ತೇನೆ. ಮೂಳೆಯೊಳಗಿನ ಮಜ್ಜೆ ಸಸಿ ಮಡಿ ಇದ್ದ ಹಾಗೆ. ಕೆಂಪು ಕಣ, ಬಿಳಿ ಕಣ, ಪ್ಲೇಟ್ಲೆಟ್ ಮೂರೂ ಅಲ್ಲೇ ಮೊಳೆತು ಬರಬೇಕು. ಮಡಿಯ ತುಂಬಾ ಕಳೆ ಎದ್ದರೆ ಸಸಿಗೆ ಜಾಗ ಎಲ್ಲಿ? ಕೆಂಪು ಕಣ ಇಲ್ಲದೆ ಸುಸ್ತು, ಕೆಲಸಕ್ಕೆ ಬರುವ ಬಿಳಿ ಕಣ ಇಲ್ಲದೆ ಜ್ವರ, ಪ್ಲೇಟ್ಲೆಟ್ ಇಲ್ಲದೆ ವಸಡಲ್ಲಿ ರಕ್ತ. ಇಷ್ಟು ಹೇಳಿದರೆ "ರಕ್ತ ಪೂರ್ತಿ ತೆಗೆದು ಬೇರೆ ಹಾಕಿದ್ರೆ ಆಗಲ್ವಾ?" ಅನ್ನುವ ಪ್ರಶ್ನೆಗೂ ಉತ್ತರ ಸಿಕ್ಕಂತೆ. ನೀರು ಬದಲಾಯಿಸಿದರೆ ಮಡಿಯ ಕಳೆ ಹೋಗುವುದಿಲ್ಲ.

"ಯಾವ ಸ್ಟೇಜು?" ಅಂತ ನೆಂಟರೆಲ್ಲ ಕೇಳುತ್ತಾರೆ. ಮಜ್ಜೆಯಲ್ಲಿ ಹುಟ್ಟುವ ಲುಕೇಮಿಯಾದ ಹೆಚ್ಚಿನ ಜಾತಿಗಳಿಗೆ ಗೆಡ್ಡೆಯ ಕ್ಯಾನ್ಸರಿನ ಹಾಗೆ ಒಂದರಿಂದ ನಾಲ್ಕು ಅಂತ ಸ್ಟೇಜ್ ಇಲ್ಲ. ಕತ್ತು, ಕಂಕುಳಲ್ಲಿ ಗಂಟು ಏಳುವ ಲಿಂಫೋಮಾಗೆ ಇದೆ, ಆದರೆ ಅಲ್ಲಿ ನಾಲ್ಕನೇ ಸ್ಟೇಜ್ ಅಂದರೂ ಗುಣವಾಗುವವರು ಇದ್ದಾರೆ. ಆಪರೇಷನ್ ಮಾಡಿ ಕಿತ್ತು ಹಾಕುವ ಕಾಯಿಲೆಯೂ ಇದಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಇದನ್ನು ನಾನು ಮನೆಯ ಹೊಸಿಲಲ್ಲೇ ನಿಂತು ಜೋರಾಗಿ ಹೇಳುತ್ತೇನೆ, ಯಾಕೆಂದರೆ ಸೊಸೆಗೆ ತಟ್ಟೆ ಲೋಟ ಬೇರೆ ಮಾಡಿದ ಮನೆ ನೋಡಿದ್ದೇನೆ. ಒಂದು ಎಚ್ಚರ: ಎಲ್ಲಾ ರಕ್ತದ ಕ್ಯಾನ್ಸರೂ ಒಂದೇ ಅಲ್ಲ. ಅಕ್ಯೂಟ್ ಅನ್ನುವ ಜಾತಿ ವಾರಗಳಲ್ಲಿ ಏರುತ್ತದೆ, ಅಮಾವಾಸ್ಯೆ ಕಳೀಲಿ ಅಂತ ಕಾಯುವ ಹಾಗಿಲ್ಲ. ಕ್ರಾನಿಕ್ ಅನ್ನುವುದು ನಿಧಾನ. ವಯಸ್ಸಾದವರಲ್ಲಿ ಸೊಂಟನೋವು ಅಂತ ಶುರುವಾಗುವ ಮೈಲೋಮಾ ಬೇರೆ, ಅಲ್ಲಿ ಅಂಗಡಿಯಿಂದ ತಂದ ನೋವಿನ ಮಾತ್ರೆ ಕಿಡ್ನಿ ಕೆಡಿಸುತ್ತದೆ. ಕತ್ತಿನ ಗಂಟು ಅಂತ ಟಿಬಿ ಮಾತ್ರೆ ನುಂಗುತ್ತಾ ತಿಂಗಳುಗಟ್ಟಲೆ ಕಳೆದು, ಕೊನೆಗೆ ಬಯಾಪ್ಸಿಯಲ್ಲಿ ಲಿಂಫೋಮಾ ಅಂತ ತಿಳಿದ ಒಬ್ಬ ಹುಡುಗ ಮಧುಗಿರಿಯಲ್ಲಿದ್ದಾನೆ. ಆದ್ದರಿಂದ ಒಬ್ಬರ ಕಥೆಯನ್ನು ಇನ್ನೊಬ್ಬರ ತಲೆಗೆ ಕಟ್ಟಬೇಡಿ. ನನ್ನ ಮಗ ಉಳಿದ ಅನ್ನುವುದನ್ನು ನಾನು ಅವರಾಗಿ ಕೇಳಿದರೆ ಮಾತ್ರ ಹೇಳುತ್ತೇನೆ.

ಇನ್ನೊಂದು ಪದದ ಗೋಜಲು ಬಿಡಿಸಿಬಿಡುತ್ತೇನೆ. ಮೊದಲ ತಿಂಗಳ ಕೀಮೋ ಮುಗಿದ ಮೇಲೆ ಎಂ.ಆರ್.ಡಿ. ಅನ್ನುವ ಪರೀಕ್ಷೆ ಮಾಡಿದರು. "ನೆಗೆಟಿವ್" ಅಂತ ಬಂತು. ನಾನು ಕಾರಿಡಾರಿನಲ್ಲಿ ಗೋಡೆಗೆ ತಲೆ ಇಟ್ಟು ಅತ್ತೆ. ನೆಗೆಟಿವ್ ಅಂದರೆ ಹುಡುಕಿದ ಕಳೆ ಸಿಗಲಿಲ್ಲ, ಒಳ್ಳೇ ಸುದ್ದಿ ಅಂತ ಯಾರೂ ಹೇಳಿರಲಿಲ್ಲ. ಅರ್ಧ ಗಂಟೆ ಆದ ಮೇಲೆ ನೆಲ ಒರೆಸುವ ಅಮ್ಮ ಬಂದು "ಯಾಕವ್ವ ಅಳ್ತೀಯ, ನೆಗೆಟಿವ್ ಬಂದ್ರೆ ಇಲ್ಲಿ ಸ್ವೀಟ್ ಹಂಚ್ತಾರೆ" ಅಂದಳು.

ಕಾಗದ ಪತ್ರ

ಚೀಲದ ದೊಡ್ಡ ಜೇಬು ಕಾಗದಗಳಿಗೆ. ಆಧಾರ್, ರೇಷನ್ ಕಾರ್ಡು, ರೆಫರಲ್ ಚೀಟಿ, ಪ್ರತಿಯೊಂದಕ್ಕೂ ಐದು ಜೆರಾಕ್ಸ್. ಆಸ್ಪತ್ರೆ ಎದುರಿನ ಜೆರಾಕ್ಸ್ ಅಂಗಡಿಯ ಕ್ಯೂನಲ್ಲಿ ಬೆಳಗಿನ ಒಂದು ಗಂಟೆ ಹೋದರೆ ಒಪಿಡಿ ಟೋಕನ್ ಹಿಂದೆ ಬೀಳುತ್ತದೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯನ್ನು ಎಲ್ಲರೂ ಕೇಳಿರುತ್ತಾರೆ, ಅದು ಹೇಗೆ ನಡೆಯುತ್ತದೆ ಅನ್ನುವುದು ಗೊತ್ತಿರುವುದಿಲ್ಲ. 2018ರಲ್ಲಿ ಶುರುವಾದ ಈ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ನಾನು ಖಾಸಗಿ ಕ್ಲಿನಿಕ್ಕಿನ ಚೀಟಿ ಹಿಡಿದು ಸೀದಾ ಬೆಂಗಳೂರಿಗೆ ಹೋಗಿ, ವಾಪಸ್ 120 ಕಿಲೋಮೀಟರ್ ಬಂದು, ಚೀಟಿ ಬರೆಸಿಕೊಂಡು ಮತ್ತೆ ಹೋದೆ. ಎರಡು ದಿನ ದಂಡ. ಆ ಎರಡು ದಿನದಲ್ಲಿ ಮಗನ ಪ್ಲೇಟ್ಲೆಟ್ ಇನ್ನೂ ಇಳಿದಿತ್ತು. ಅದಕ್ಕೇ ಈಗ ಯಾರು ಫೋನ್ ಮಾಡಿದರೂ "ಬಸ್ ಹತ್ತೋ ಮುಂಚೆ ಚೀಟಿ ಬರೆಸಿದ್ರಾ?" ಅಂತ ಕೇಳುತ್ತೇನೆ. ಜೀವಕ್ಕೆ ತುರ್ತು ಅನ್ನುವ ಸ್ಥಿತಿ ಇದ್ದರೆ ಚೀಟಿಗೆ ಕಾಯದೆ ಹೊರಡಿ, ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರ ಹತ್ತಿರ ಮಾತಾಡಿ. ಯೋಜನೆಯ ಸಂದೇಹಕ್ಕೆ 104ಕ್ಕೆ ಕರೆ ಮಾಡಬಹುದು.

ಬೆಂಗಳೂರಿನ ಹೊಸೂರು ರಸ್ತೆಯ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ, ಅಂದರೆ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ, 1973ರಲ್ಲಿ ಶುರುವಾದದ್ದು, ರಾಜ್ಯದ ಮೂಲೆ ಮೂಲೆಯಿಂದ, ಆಂಧ್ರ ತಮಿಳುನಾಡಿನಿಂದಲೂ ಜನ ಬರುತ್ತಾರೆ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಇಷ್ಟು: ಬೆಳಕು ಹರಿಯುವ ಮುಂಚೆ ತಲುಪಿ, ಮೆಜೆಸ್ಟಿಕ್‌ಗೆ ಹೋಗದೆ ಗೊರಗುಂಟೆಪಾಳ್ಯದಲ್ಲಿ ಇಳಿದರೂ ಬಸ್ ಸಿಗುತ್ತದೆ, ಒಬ್ಬರು ಕ್ಯೂನಲ್ಲಿ ನಿಂತರೆ ಇನ್ನೊಬ್ಬರು ಕಾಯಿಲೆಯವರ ಜೊತೆ ಕೂರಲಿ. ಆವರಣದಲ್ಲೇ ಧರ್ಮಶಾಲೆ ಇದೆ, ಜಾಗ ಇದೆಯಾ ಅಂತ ಮೊದಲ ದಿನವೇ ವಿಚಾರಿಸಿ.

ಹುಬ್ಬಳ್ಳಿ, ಕಲಬುರಗಿ ಕಡೆಯವರಿಗೆ ರೈಲು ವಿನಾಯಿತಿ ದೊಡ್ಡ ಸಹಾಯ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯಲ್ಲಿ ಪೂರ್ತಿ ವಿನಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ಮುಕ್ಕಾಲು ಪಾಲು. ರೈಲ್ವೆಯ ಫಾರಂಗೆ ಡಾಕ್ಟರ ಸಹಿ, ಆಸ್ಪತ್ರೆ ಸೀಲು ಹಾಕಿಸಬೇಕು. ಡಿಸ್ಚಾರ್ಜ್ ದಿನದ ಗಡಿಬಿಡಿಯಲ್ಲಿ ಯಾರೂ ಸಹಿ ಹಾಕುವುದಿಲ್ಲ, ಹಿಂದಿನ ದಿನವೇ ಕೇಳಿ.

ಯೋಜನೆಯ ದುಡ್ಡು ಊಟಕ್ಕೆ, ಬಸ್ಸಿಗೆ, ಕೂಲಿ ತಪ್ಪಿದ್ದಕ್ಕೆ ಬರುವುದಿಲ್ಲ. ಹೊರಗೆ ಮಾಡಿಸುವ ಕೆಲವು ಪರೀಕ್ಷೆಗೂ ಕೈಯಿಂದ ಹೋಗುತ್ತದೆ. ಆದರೂ ಮೊದಲ ವಾರದಲ್ಲೇ ಜಮೀನು ಮಾರೋಕೆ ಹೊರಟವರನ್ನು ನಾನು ಕೈಮುಗಿದು ತಡೆಯುತ್ತೇನೆ. ಚಿಕಿತ್ಸೆ ಎಷ್ಟು ತಿಂಗಳು, ಯಾವುದು ಯೋಜನೆಯೊಳಗೆ, ಯಾವುದು ಹೊರಗೆ ಅನ್ನುವುದನ್ನು ಬರೆಸಿಕೊಂಡು ಬನ್ನಿ, ಆಮೇಲೆ ಯೋಚಿಸೋಣ ಅನ್ನುತ್ತೇನೆ. ಗಾಬರಿಯಲ್ಲಿ ಮಾರಿದ ಜಮೀನಿಗೆ ಅರ್ಧ ಬೆಲೆ. ಮುಖ್ಯಮಂತ್ರಿ ಪರಿಹಾರ ನಿಧಿಗೆ, ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಗೆ ಅರ್ಜಿ ಹಾಕಲು ಆಸ್ಪತ್ರೆಯ ಅಂದಾಜು ಪಟ್ಟಿ ಬೇಕು, ಅದನ್ನೂ ಮೊದಲೇ ಮಾಡಿಸಿ. ಮತ್ತೆ ನಿಮ್ಮ ಬಗ್ಗೆ ಒಂದು ಮಾತು: ಯಾರ ದುಡ್ಡನ್ನೂ ನಿಮ್ಮ ಕೈಯಲ್ಲಿ ಇಟ್ಟುಕೊಳ್ಳಬೇಡಿ. ಕೊಡುವವರು ಸೀದಾ ಆ ಮನೆಯವರ ಖಾತೆಗೆ ಹಾಕಲಿ.

ಥರ್ಮಾಮೀಟರು

ಇದು ಚೀಲದ ಹೊರಗಿನ ಜೇಬಿನಲ್ಲಿ, ಬೇಗ ಕೈಗೆ ಸಿಗುವ ಕಡೆ. ಬೇರೆ ಎಲ್ಲ ಮರೆತರೂ ಇದನ್ನು ಮರೆಯಬೇಡಿ ಅಂತ ನಾನು ಪ್ರತಿ ಮನೆಯಲ್ಲೂ ಒಂದೇ ಮಾತು ಹತ್ತು ಸಲ ಹೇಳುತ್ತೇನೆ.

ಕೀಮೋ ಆದವರಿಗೆ 100.4 ಡಿಗ್ರಿ ಜ್ವರ ಬಂತು ಅಂದರೆ ಆಸ್ಪತ್ರೆಗೆ ಹೊರಡಬೇಕು. ಬೆಳಗಾಗಲಿ ಅನ್ನುವಂತಿಲ್ಲ, ಡೋಲೋ ಕೊಟ್ಟು ನೋಡೋಣ ಅನ್ನುವಂತಿಲ್ಲ. ಮಾತ್ರೆ ಜ್ವರವನ್ನು ಮುಚ್ಚುತ್ತದೆ, ಸೋಂಕು ಒಳಗೊಳಗೇ ಹರಡುತ್ತದೆ. ಹೋರಾಡುವ ಬಿಳಿ ಕಣ ತೀರಾ ಕಡಿಮೆ ಇರುವಾಗ ಗಂಟೆಗಳ ಲೆಕ್ಕದಲ್ಲಿ ಬಿಪಿ ಬಿದ್ದುಹೋಗಬಹುದು. ಆಸ್ಪತ್ರೆ ಬಾಗಿಲು ಮುಟ್ಟಿದ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಆಂಟಿಬಯಾಟಿಕ್ ಹೋಗಬೇಕು ಅನ್ನುವುದು ಡಾಕ್ಟರುಗಳ ಲೆಕ್ಕ. ಚಳಿ, ನಡುಕ ಬಂದರೆ ಜ್ವರ ಇಲ್ಲದಿದ್ದರೂ ಹೊರಡಿ.

ನಮಗೆ ಅದು ಬಂದದ್ದು ಆಗಸ್ಟಿನ ಒಂದು ರಾತ್ರಿ, ಹನ್ನೊಂದೂವರೆಗೆ. 101. ನಮ್ಮ ಯಜಮಾನರು "ಬೆಳಿಗ್ಗೆ ಫಸ್ಟ್ ಬಸ್ಸಿಗೆ ಹೋಗೋಣ" ಅಂದರು. ನಾನು ಎದುರು ಮನೆಯ ಟೊಮೇಟೊ ಸಾಗಿಸುವ ಟಾಟಾ ಏಸ್ ಗಾಡಿಯವನ ಬಾಗಿಲು ಬಡಿದೆ. ಕ್ರೇಟುಗಳ ನಡುವೆ ಹಾಸಿಗೆ ಹಾಕಿ ಮಗನನ್ನು ಮಲಗಿಸಿಕೊಂಡು ತುಮಕೂರಿಗೆ ಹೋದೆವು. ಒಂದು ಆಸ್ಪತ್ರೆಯ ಬಾಗಿಲಲ್ಲಿ "ಜ್ವರ ತಾನೇ, ಕೂತ್ಕೊಳ್ಳಿ" ಅಂದರು. ನಲವತ್ತು ನಿಮಿಷ ಕೂತೆವು. ಅಲ್ಲಿ ಏನು ಹೇಳಬೇಕು ಅನ್ನುವುದು ನನಗೆ ಗೊತ್ತಿದ್ದಿದ್ದರೆ ಆ ನಲವತ್ತು ನಿಮಿಷ ಉಳಿಯುತ್ತಿತ್ತು.

ಈಗ ಆ ಮಾತನ್ನು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಥರ್ಮಾಮೀಟರಿಗೆ ಕಟ್ಟಿ ಕೊಡುತ್ತೇನೆ: "ಬ್ಲಡ್ ಕ್ಯಾನ್ಸರ್ ರೋಗಿ. ಕೀಮೋ ಆಗಿದೆ. ಜ್ವರ ಬಂದಿದೆ. ಕೌಂಟ್ ಕಡಿಮೆ ಇರಬಹುದು. ಕೂಡಲೇ ನೋಡಿ." ಕೌಂಟ್ ಅಂದರೆ ರಕ್ತಕಣಗಳ ಲೆಕ್ಕ. ಕೆಳಗೆ ಕೊನೆಯ ಕೀಮೋ ತಾರೀಖು ಬರೆಯೋಕೆ ಜಾಗ, ನೋಡುತ್ತಿರುವ ಡಾಕ್ಟರ ವಾರ್ಡಿನ ಫೋನ್ ನಂಬರು. ಮನೆಯವರಿಂದ ಅದನ್ನು ಬಾಯಿಪಾಠ ಹೇಳಿಸುತ್ತೇನೆ. ಓದು ಬಾರದ ಅಜ್ಜಿಯೊಬ್ಬರು ಇದನ್ನು ಮಗ್ಗಿ ಹೇಳಿದ ಹಾಗೆ ಹೇಳುತ್ತಿದ್ದರು. ಹತ್ತಿರದ ಯಾವ ಆಸ್ಪತ್ರೆಗೆ ರಾತ್ರಿ ಹೋಗಬಹುದು, ಗಾಡಿ ಯಾರದು ಅನ್ನುವುದನ್ನು ಜ್ವರ ಬರುವ ಮುಂಚೆಯೇ ಮಾತಾಡಿಟ್ಟುಕೊಳ್ಳಿ.

ಇದರ ಜೊತೆಗೇ ಇನ್ನೊಂದು. ಪಕ್ಕದ ಮನೆ ಮಗುವಿಗೋ ಶಾಲೆಯಲ್ಲೋ "ಅಮ್ಮ" ಎದ್ದಿದೆ ಅಂತ ಗೊತ್ತಾದರೆ, ಅಂದರೆ ಸಿಡುಬಿನ ಹಾಗೆ ಗುಳ್ಳೆ ಏಳುವ ಚಿಕನ್‌ಪಾಕ್ಸು, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ನಮ್ಮಲ್ಲಿ ಅಮ್ಮನ ವಿಷಯ ಬಾಯಿಬಿಟ್ಟು ಹೇಳುವುದಿಲ್ಲ, ಬೇವಿನ ಸೊಪ್ಪು ಕಟ್ಟಿ ಸುಮ್ಮನಾಗುತ್ತಾರೆ. ಕೀಮೋ ನಡೆಯುತ್ತಿರುವ ಮಗುವಿಗೆ ಅದು ಜೀವಕ್ಕೇ ಬರಬಹುದು.

ರಕ್ತ ಕೊಡುವವರ ಪುಸ್ತಕ

ಒಂದು ಇನ್ನೂರು ಪುಟದ ಲಾಂಗ್ ನೋಟ್‌ಬುಕ್ ತೆಗೆದುಕೊಳ್ಳಿ. ಗುಂಪಿನ ಪ್ರಕಾರ ಪುಟ ಹಂಚಿ. ಹೆಸರು, ಫೋನು, ಊರು, ಕೊನೆಯ ಸಲ ಕೊಟ್ಟ ತಾರೀಖು. ರಕ್ತ ಕೊಟ್ಟ ಗಂಡಸರು 90 ದಿನ, ಹೆಂಗಸರು 120 ದಿನ ಬಿಟ್ಟು ಮತ್ತೆ ಕೊಡಬಹುದು, ಅದಕ್ಕೇ ತಾರೀಖು ಬೇಕು. ನನ್ನ ಪುಸ್ತಕಕ್ಕೆ ಹೆಸರು ಕೊಟ್ಟವರಲ್ಲಿ ಐಟಿಐ ಹುಡುಗರು, ಕಡಲೆಕಾಯಿ ಮಂಡಿಯ ಹಮಾಲರು, ಒಬ್ಬರು ಪೂಜಾರರು ಇದ್ದಾರೆ.

ಪ್ಲೇಟ್ಲೆಟ್ ಬೇರೆ ಲೆಕ್ಕ. ಅದನ್ನು ಫ್ರಿಜ್ಜಿನಲ್ಲಿ ಇಡುವ ಹಾಗಿಲ್ಲ, 20ರಿಂದ 24 ಡಿಗ್ರಿಯಲ್ಲಿ ಅಲುಗಾಡಿಸುತ್ತಾ ಇಡಬೇಕು, ಐದೇ ದಿನ ಬಾಳುತ್ತದೆ. ಹಾಗಾಗಿ ಇಪ್ಪತ್ತು ಜನರನ್ನು ಒಂದೇ ದಿನ ಕರೆದುಕೊಂಡು ಹೋಗಿ ನಿಲ್ಲಿಸಿದರೆ ಪ್ರಯೋಜನವಿಲ್ಲ. ವಾರ ವಾರ ಇಬ್ಬರು ಮೂವರು ಸಿಗುವ ಹಾಗೆ ಸರದಿ ಮಾಡಿ. ಒಬ್ಬರಿಂದಲೇ ಮಷಿನ್ನಿನಲ್ಲಿ ತೆಗೆಯುವುದಕ್ಕೆ ಎಸ್.ಡಿ.ಪಿ. ಅನ್ನುತ್ತಾರೆ. ಒಂದೂವರೆ ಗಂಟೆ, ಎರಡು ಗಂಟೆ ಹಿಡಿಯಬಹುದು, ಕೈನರ ಚೆನ್ನಾಗಿರಬೇಕು, ಮೂರು ದಿನದಿಂದ ಆಸ್ಪಿರಿನ್ ತಿಂದಿರಬಾರದು. ತಿಂಡಿ ತಿನ್ನಿಸಿಯೇ ಕಳಿಸಿ. ಸೂಜಿ ಹಾಕಿದ ಮೇಲೆ ತುಟಿ ಜುಮ್ ಅನ್ನಬಹುದು, ಹೆದರಬೇಡಿ, ನರ್ಸಿಗೆ ಹೇಳಿದರೆ ಕ್ಯಾಲ್ಸಿಯಂ ಕೊಡುತ್ತಾರೆ ಅಂತ ಮೊದಲೇ ತಿಳಿಸಿ. ಇದನ್ನು ಹೇಳದೆ ಕಳಿಸಿದ್ದ ಒಬ್ಬ ಹುಡುಗ ಅರ್ಧಕ್ಕೇ ಎದ್ದು ಬಂದಿದ್ದ.

ವಾಟ್ಸಾಪ್‌ನಲ್ಲಿ ಕೇಳುವಾಗ ಆಸ್ಪತ್ರೆ, ರಕ್ತದ ಗುಂಪು, ಎಷ್ಟು ಯೂನಿಟ್, ಯಾವ ತಾರೀಖಿನವರೆಗೆ, ಯಾರಿಗೆ ಫೋನ್ ಮಾಡಬೇಕು ಇಷ್ಟು ಹಾಕಿ. ಮಗುವಿನ ಫೋಟೊ ಹಾಕಬೇಡಿ. ರಕ್ತ ಸಿಕ್ಕಿದ ಕೂಡಲೇ "ಸಿಕ್ಕಿತು, ಮುಂದೆ ಕಳಿಸಬೇಡಿ" ಅಂತ ಹಾಕಿ. ತಾರೀಖಿಲ್ಲದ ಮೆಸೇಜು ಊರೂರು ಸುತ್ತಿ, ತೀರಿಹೋದ ಮಗುವಿನ ತಂದೆಗೆ ಒಂದು ವರ್ಷದ ಮೇಲೂ "ರಕ್ತ ಬೇಕಾ ಸಾರ್" ಅಂತ ಫೋನ್ ಬರುತ್ತಿತ್ತು.

ಆಸ್ಪತ್ರೆಗಳ ಹೊರಗೆ ದುಡ್ಡಿಗೆ ರಕ್ತ ಕೊಡಿಸುತ್ತೇವೆ ಅನ್ನುವವರು ಇರುತ್ತಾರೆ. ನಮ್ಮ ಹತ್ತಿರವೂ ಒಬ್ಬ ಬಂದಿದ್ದ. ದುಡ್ಡಿಗೆ ರಕ್ತ ಮಾರುವುದು ನಮ್ಮ ದೇಶದಲ್ಲಿ 1998ರಿಂದ ನಿಷೇಧ. ರಕ್ತನಿಧಿಯವರು ತೆಗೆದುಕೊಳ್ಳುವುದು ಪರೀಕ್ಷೆ, ಸಂಸ್ಕರಣೆಯ ಖರ್ಚು, ಅದಕ್ಕೆ ರಸೀತಿ ಇರುತ್ತದೆ. ಯಾವ ರಕ್ತನಿಧಿಯಲ್ಲಿ ಏನಿದೆ ಅಂತ ಸರ್ಕಾರದ ಇ–ರಕ್ತಕೋಶ್ ವೆಬ್‌ಸೈಟಿನಲ್ಲಿ ನೋಡಬಹುದು.

ಮುಂದೆ ಮಜ್ಜೆ ಕಸಿ ಆಗಬಹುದು ಅಂತ ಡಾಕ್ಟರು ಹೇಳಿದ್ದರೆ, ಅಣ್ಣ ತಮ್ಮ ಅಪ್ಪ ಅಮ್ಮ ರಕ್ತ ಕೊಡೋಕೆ ಮುಂದಾಗುವ ಮುಂಚೆ ಡಾಕ್ಟರನ್ನೇ ಕೇಳಿ. ಸ್ವಂತ ರಕ್ತಸಂಬಂಧಿಯ ರಕ್ತ ಹಾಕಿದರೆ ಆಮೇಲೆ ಅವರ ಮಜ್ಜೆಯನ್ನೇ ದೇಹ ಒಪ್ಪದೆ ಹೋಗಬಹುದು. ಒಡಹುಟ್ಟಿದ ಒಬ್ಬರು ಹೊಂದಿಕೆಯಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊಂದದಿದ್ದರೆ, ಕಸಿಗೆ ಕೊಡಲು ಒಪ್ಪಿದವರ ಹೆಸರು ಬರೆದಿಟ್ಟುಕೊಳ್ಳುವ ದಾತ್ರಿ, ಡಿಕೆಎಂಎಸ್ ಥರದ ನೋಂದಣಿಗಳಲ್ಲಿ ಹುಡುಕುತ್ತಾರೆ. ಅಲ್ಲಿ ಹೆಸರು ಕೊಡೋಕೆ ಕೆನ್ನೆಯ ಒಳಗೆ ಹತ್ತಿಯ ಕಡ್ಡಿ ಸವರಿದರೆ ಸಾಕು. ಕಾಲೇಜಿನ ಹುಡುಗರಿಗೆ ಇದನ್ನು ಹೇಳಿ. ಆದರೆ ಮುಂದೆ ಕರೆ ಬಂದಾಗ "ಮನೆಯಲ್ಲಿ ಬೇಡ ಅಂದ್ರು" ಅನ್ನುವವರು ಹೆಸರೇ ಕೊಡದಿರುವುದು ವಾಸಿ.

ಮಾತ್ರೆ, ಮುದ್ದೆ, ನಾಟಿ ಔಷಧಿ

ಎ.ಎಲ್.ಎಲ್. ಮಕ್ಕಳಿಗೆ ಕೊನೆಯ ಘಟ್ಟದಲ್ಲಿ ಮನೆಯಲ್ಲೇ ಮಾತ್ರೆ. ಒಂದು ದಿನಾ, ಇನ್ನೊಂದು, ಮೆಥೊಟ್ರೆಕ್ಸೇಟ್, ವಾರಕ್ಕೊಂದೇ ಸಲ. ಈ ವಾರದ ಮಾತ್ರೆಯನ್ನು ದಿನಾ ನುಂಗಿಸಿದರೆ ವಿಷ. ಪಾವಗಡದ ಕಡೆಯ ಒಂದು ಮನೆಯಲ್ಲಿ ನಾಲ್ಕು ದಿನ ಕೊಟ್ಟಿದ್ದರು, ಬಾಯೆಲ್ಲ ಹುಣ್ಣಾದ ಮೇಲೆ ಗೊತ್ತಾಯಿತು. ನಾನು ಕ್ಯಾಲೆಂಡರಿನಲ್ಲಿ ಆ ವಾರದ ದಿನಕ್ಕೆ ಕೆಂಪು ಗುಂಡಿ ಹೊಲಿದು ಕೊಡುತ್ತೇನೆ. ಗುಂಡಿ ಇದ್ದ ದಿನ ಮಾತ್ರ ಆ ಮಾತ್ರೆ. ಡೋಸು ಎಷ್ಟು ಅನ್ನುವುದನ್ನು ನೀವು ಯಾವತ್ತೂ ಹೇಳಬೇಡಿ, ನಿಮಗೆ ಗೊತ್ತಿದ್ದರೂ.

ಸಿ.ಎಂ.ಎಲ್. ಅನ್ನುವ ನಿಧಾನದ ಜಾತಿಯವರದು ಬೇರೆ ತೊಂದರೆ. ದಿನಕ್ಕೊಂದು ಇಮ್ಯಾಟಿನಿಬ್ ಮಾತ್ರೆ ನುಂಗಿಕೊಂಡು ಹೊಲಕ್ಕೂ ಹೋಗುತ್ತಾರೆ, ಮದುವೆಗೂ ಹೋಗುತ್ತಾರೆ. ಒಂದು ಕಾಲದಲ್ಲಿ ತಿಂಗಳಿಗೆ ಲಕ್ಷ ದಾಟುತ್ತಿದ್ದ ಔಷಧಿ ಅದು. ಭಾರತೀಯ ಕಂಪನಿಗಳ ಜೆನೆರಿಕ್ ಮಾತ್ರೆ ಇರುವುದರಿಂದ ಬಡವರ ಕೈಗೂ ಎಟುಕಿದೆ. ಮೂಲ ಕಂಪನಿಯ ಪೇಟೆಂಟ್ ಅರ್ಜಿಯನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿದ್ದು ನಿಮಗೆ ನೆನಪಿರಬಹುದು. ಆದರೆ ಚೆನ್ನಾಗಿದ್ದೀನಲ್ಲ ಅಂತ ಮಾತ್ರೆ ಬಿಡುತ್ತಾರೆ. ಗೌರಿ ಹಬ್ಬಕ್ಕೆ ಬಿಟ್ಟವರು ದೀಪಾವಳಿಗೆ ಕೌಂಟ್ ಏರಿಸಿಕೊಂಡು ಬಂದದ್ದು ಕಂಡಿದ್ದೇನೆ. ಇವರಿಗೆ ತಿಂಗಳಿಗೊಂದು ಫೋನ್ ಮಾಡಿ "ಮಾತ್ರೆ ಎಷ್ಟು ಉಳಿದಿದೆ?" ಅಂತ ಕೇಳುವುದೇ ದೊಡ್ಡ ಸೇವೆ. "ತಗೊಳ್ತಿದ್ದೀರಾ?" ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ.

ಯಾರೇ ಆಗಲಿ ಎರಡು ವಾರದ ಮಾತ್ರೆ ಹೆಚ್ಚಾಗಿ ಇಟ್ಟುಕೊಂಡಿರಲಿ. 2020ರ ಮಾರ್ಚಿನಲ್ಲಿ ಬಸ್ ನಿಂತಾಗ ನಮ್ಮ ಹತ್ತಿರ ನಾಲ್ಕೇ ದಿನದ್ದಿತ್ತು. ತುಮಕೂರಿನಿಂದ ಹಾಲಿನ ವ್ಯಾನಿನಲ್ಲಿ ಬಂತು, ಡ್ರೈವರಿನ ಪಕ್ಕದ ಸೀಟಿನಲ್ಲಿ, ಪೇಪರ್ ಸುತ್ತಿಕೊಂಡು.

ಊಟದ ಬಗ್ಗೆ ಸಾವಿರ ಜನ ಸಾವಿರ ಹೇಳುತ್ತಾರೆ. ನಾನು ಹೇಳುವುದು ಬಿಸಿ, ಹೊಸದು, ಬೇಯಿಸಿದ್ದು. ಬಿಸಿ ಮುದ್ದೆ, ಸೊಪ್ಪಿನ ಸಾರು, ಬೇಯಿಸಿದ ಮೊಟ್ಟೆ, ಸಿಪ್ಪೆ ಸುಲಿದು ತಿನ್ನುವ ಬಾಳೆಹಣ್ಣು, ಮೂಸಂಬಿ. ಕೌಂಟ್ ಕಡಿಮೆ ಇದ್ದಾಗ ಹಸಿ ಕೋಸಂಬರಿ, ಹೊರಗೆ ಹೆಚ್ಚಿಟ್ಟ ಹಣ್ಣು, ಪಾನಿಪುರಿ ಬೇಡ. ಸ್ಟೀರಾಯ್ಡ್ ನಡೆಯುವಾಗ ಮಕ್ಕಳಿಗೆ ರಾಕ್ಷಸ ಹಸಿವು. ನನ್ನ ಮಗ ರಾತ್ರಿ ಎರಡು ಗಂಟೆಗೆ ಎದ್ದು ಚಿತ್ರಾನ್ನ ಕೇಳುತ್ತಿದ್ದ, ಕೊಡದಿದ್ದರೆ ಚೊಂಬು ಎಸೆಯುತ್ತಿದ್ದ. ಅದು ಮಗುವಿನ ಬುದ್ಧಿ ಅಲ್ಲ, ಮಾತ್ರೆಯದ್ದು ಅಂತ ಅಮ್ಮಂದಿರಿಗೆ ಹೇಳಿ, ಬೈದು ಆಮೇಲೆ ಅಳುವುದು ತಪ್ಪುತ್ತದೆ. ಕೆಂಪು ಬಣ್ಣದ ಕೀಮೋ ಹಾಕಿದ ದಿನ ಮೂತ್ರ ಕೆಂಪಗೆ ಹೋಗುತ್ತದೆ, ರಕ್ತ ಅಂತ ಕೂಗಬೇಡಿ ಅನ್ನುವುದನ್ನೂ.

ನಾಟಿ ಔಷಧಿ, ಪಪ್ಪಾಯಿ ಎಲೆ ರಸದ ವಿಷಯಕ್ಕೆ ಜಗಳವಾಡಬೇಡಿ. ಗದರಿದರೆ ಮುಚ್ಚಿಟ್ಟು ಕುಡಿಸುತ್ತಾರೆ. "ಏನು ಕುಡಿಸ್ತಿದ್ದೀರೋ ಡಾಕ್ಟರಿಗೆ ಗೊತ್ತಿರಲಿ, ಲಿವರಿಗೆ ಕೀಮೋನೇ ಭಾರ" ಅಂತ ಹೇಳಿ. ಆದರೆ ಕೀಮೋ ನಿಲ್ಲಿಸಿ ಅದಕ್ಕೆ ಹೋಗುತ್ತೇವೆ ಅಂದರೆ ಆಗ ಪಟ್ಟು ಹಿಡಿದು ಜಗಳವಾಡಿ. ಅಲ್ಲಿ ಮಾತ್ರ ನಾನು ಮಾನ ಮರ್ಯಾದೆ ನೋಡುವುದಿಲ್ಲ.

ಯಾರೂ ಕೇಳದ ಪ್ರಶ್ನೆಗಳು

ಮದುವೆಯಾಗದ ಹುಡುಗ, ಮಕ್ಕಳಾಗದ ದಂಪತಿ ಇದ್ದರೆ, ಕೀಮೋ ಶುರುವಾಗುವ ಮುಂಚೆ "ಮುಂದೆ ಮಕ್ಕಳಾಗುತ್ತಾ, ಈಗಲೇ ಏನಾದರೂ ತೆಗೆದಿಡಬೇಕಾ?" ಅಂತ ಡಾಕ್ಟರನ್ನು ಕೇಳಬೇಕು. ಗಂಡಸರ ವೀರ್ಯ ಸಂಗ್ರಹಿಸಿ ಇಡುವ ವ್ಯವಸ್ಥೆ ಇದೆ. ಅಪ್ಪ ಅಮ್ಮನ ಎದುರು ಹುಡುಗ ಕೇಳುವುದಿಲ್ಲ. ನಾನು ಒಂದು ಚೀಟಿಯಲ್ಲಿ ಬರೆದು ಅವನ ಕೈಗೆ ಕೊಡುತ್ತೇನೆ, "ಇದನ್ನ ಡಾಕ್ಟರಿಗೆ ತೋರಿಸಪ್ಪ" ಅಂತ.

ಮನೆಯ ಇನ್ನೊಂದು ಮಗುವನ್ನು ಕೇಳಿ. ನನ್ನ ಮಗಳನ್ನು ಎಂಟು ತಿಂಗಳು ಅಜ್ಜಿ ಮನೆಯಲ್ಲಿ ಬಿಟ್ಟಿದ್ದೆ. "ನಂಗೂ ಜ್ವರ ಬಂದ್ರೆ ಕರ್ಕೊಂಡು ಹೋಗ್ತೀಯಾ?" ಅಂತ ಕೇಳಿದ್ದಳು. ಈಗ ಯಾವ ಮನೆಗೆ ಹೋದರೂ ಒಂದು ಬಣ್ಣದ ಪೆನ್ಸಿಲ್ ಡಬ್ಬಿ ಆ ಮಗುವಿಗೆ ಅಂತಲೇ ತೆಗೆದುಕೊಂಡು ಹೋಗುತ್ತೇನೆ.

ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಿ. ಒಮ್ಮೆ ಬಸ್ಸಿನಲ್ಲಿ ಪಕ್ಕದವಳ ಹತ್ತಿರ, ಹೆಸರು ಹೇಳದೇನೇ, ಒಬ್ಬ ಹುಡುಗಿಯ ಕಾಯಿಲೆಯ ಮಾತಾಡಿದೆ. ಊರಿನ ಹೆಸರಷ್ಟೇ ಸಾಕಾಯಿತು ಅವಳಿಗೆ. ಆ ಹುಡುಗಿಗೆ ಗಂಡು ನೋಡುತ್ತಿದ್ದರು. ಅವರ ಮನೆಗೆ ಹೋಗಿ ಕಾಲು ಹಿಡಿದು ಬಂದೆ, ಆದರೂ ಅವರು ಆಮೇಲೆ ನನಗೆ ಫೋನ್ ಮಾಡಲಿಲ್ಲ.

ಚಿಕಿತ್ಸೆ ಕೈಕೊಡುವುದೂ ಇದೆ. "ಇನ್ನು ಮನೆಗೆ ಕರ್ಕೊಂಡು ಹೋಗಿ" ಅಂದಾಗ ಮನೆಯವರಿಗೆ ಕೇಳಿಸುವುದು "ಇನ್ನೇನೂ ಮಾಡೋಕಾಗಲ್ಲ" ಅಂತ. ನೋವು ಇಳಿಸುವುದು, ಉಸಿರು ಹಗುರ ಮಾಡುವುದು, ರಾತ್ರಿ ನಿದ್ದೆ ಬರಿಸುವುದು ಎಲ್ಲಾ ಬಾಕಿ ಇರುತ್ತೆ. ಮಾರ್ಫಿನ್ ಮಾತ್ರೆ ಅಂದರೆ ಹೆದರಬೇಡಿ, ಡಾಕ್ಟರು ಹೇಳಿದ ಹಾಗೆ ಕೊಟ್ಟರೆ ಅದು ನೋವಿಗೆ ಔಷಧಿ. ಬೆಂಗಳೂರಿನ ಮಾರತ್ತಹಳ್ಳಿ ಹತ್ತಿರ ಕರುಣಾಶ್ರಯ ಅಂತ ಇದೆ, 1999ರಿಂದ ಕೊನೆ ಹಂತದ ಕ್ಯಾನ್ಸರ್ ರೋಗಿಗಳನ್ನು ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ನಾನು ಮಾತು ಕಡಿಮೆ ಮಾಡಿ ಪಾತ್ರೆ ತೊಳೆದು ಬರುತ್ತೇನೆ. ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ ಒಂದು ಫೋನ್ ಮಾಡುತ್ತೇನೆ. ಕೆಲವರು ಚೀಲ ವಾಪಸ್ ಕೊಡುತ್ತಾರೆ. ಒಗೆದು, ಗುಂಡಿ ಬದಲಾಯಿಸಿ, ಇನ್ನೊಬ್ಬರಿಗೆ ಕೊಡುತ್ತೇನೆ. ಯಾರದಾಗಿತ್ತು ಅಂತ ಹೇಳುವುದಿಲ್ಲ.

ಚೀಲ ಹೊಲಿಯುವವರಿಗೆ ಅಳತೆ: ಸ್ಕ್ಯಾನ್ ಫಿಲ್ಮ್ ಮಡಚಬಾರದು, ಅದು 14 ಇಂಚು ಅಗಲ, 17 ಇಂಚು ಉದ್ದ. ಚೀಲ 16ಕ್ಕೆ 19 ಇರಲಿ. ಗಟ್ಟಿ ಟೆರಿಕಾಟ್ ಬಟ್ಟೆ, ಒಳಗೆ ಮಳೆಗೆ ಪ್ಲಾಸ್ಟಿಕ್ ಲೈನಿಂಗ್. ದೊಡ್ಡ ಜೇಬು ಎರಡು, ಸಣ್ಣದು ಮೂರು. ಹೆಗಲಿಗೆ ಹಾಕುವ ಪಟ್ಟಿ ಉದ್ದ ಬಿಡಿ, ಮಗುವನ್ನು ಎತ್ತಿಕೊಂಡಾಗ ಎರಡೂ ಕೈ ಖಾಲಿ ಬೇಕು. ಜಿಪ್ ಹಾಕಬೇಡಿ, ವೆಲ್ಕ್ರೋ ಹಾಕಿ. ಡ್ರಿಪ್ ಚುಚ್ಚಿದ ಕೈಯಲ್ಲಿ ಜಿಪ್ ಎಳೆಯೋಕೆ ಆಗುವುದಿಲ್ಲ.